ದೇಶಪಾಂಡೆ ನಗರದಲ್ಲಿ ಹಳೆಯ ಕಾರಿನ ಶ್ರುತಿ

ಹುಬ್ಬಳ್ಳಿಯೆಂದರೆ ವ್ಯಾಪಾರದ ಊರು, ರೈಲಿನ ಊರು, ಸದ್ದಿನ ಊರು. 2023ರಲ್ಲಿ ಉದ್ಘಾಟನೆಗೊಂಡ ಇಲ್ಲಿಯ ರೈಲು ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರು. ಅದರ ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಬೇರೊಂದು ಊರೆಂಬಂತೆ ತೋರುತ್ತದೆ. ಆದರೆ ಲ್ಯಾಮಿಂಗ್ಟನ್ ರಸ್ತೆಯ ನೂಕುನುಗ್ಗಲನ್ನು ಬಿಟ್ಟು ದೇಶಪಾಂಡೆ ನಗರದ ಒಳರಸ್ತೆಗಳಿಗೆ ಹೊರಳಿದರೆ ಸದ್ದಿನ ಸ್ವರೂಪವೇ ಬದಲಾಗುತ್ತದೆ. ಅಂಗಡಿ, ದವಾಖಾನೆ, ವಕೀಲರ ಕಚೇರಿಗಳು ಬಂದು ನೆಲೆಸಿದ್ದರೂ ಹಳೆಯ ಮನೆಗಳ ಅಂಗಳ, ತೆಂಗು, ಕಟ್ಟೆಗಳ ಗುರುತು ಇನ್ನೂ ಪೂರ್ತಿ ಅಳಿದಿಲ್ಲ.

ಈ ಬಡಾವಣೆಗೆ ಕಿವಿಯ ಸಂಸ್ಕಾರವೂ ಉಂಟು. ಸವಾಯಿ ಗಂಧರ್ವರ ಹೆಸರಿನ ಸಭಾಗೃಹ ಇರುವುದು ಇಲ್ಲಿಯೇ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಬಾಳಿದ ‘ಗಂಗಾಲಹರಿ’ ಇರುವುದೂ ಇಲ್ಲಿಯೇ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರುವಿನ ಮುಂದೆ ಕುಳಿತು ಕಲಿತ ಆ ತಾಯಿ 2009ರಲ್ಲಿ ತೀರಿಕೊಂಡರು. ತಂಬೂರಿಯ ಶ್ರುತಿ ಕೂಡದೆ ಹಾಡು ಆರಂಭವಾಗದೆಂಬ ಮಾತನ್ನು ಇಲ್ಲಿಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಅಂತಹ ಓಣಿಯಲ್ಲಿ ಮುಂಜಾನೆ ಕೇಳಿಬರುವ ಇನ್ನೊಂದು ಶ್ರುತಿ ಹಳೆಯ ಕಾರುಗಳದು. ಕೆಎ 25 ಎಂಬ ಧಾರವಾಡದ ಸಂಖ್ಯೆ ಹೊತ್ತು, ಬಣ್ಣ ಮಾಸಿ, ಆದರೂ ಒಡೆಯನ ಪ್ರೀತಿ ಕಳೆದುಕೊಳ್ಳದೆ ಗೇಟಿನ ಬಳಿ ನಿಂತಿರುವ ಮಾರುತಿಗಳು ಅವು. 1983ರಲ್ಲಿ ಬಂದ ಮಾರುತಿ 800 ಕಾರಿಗೆ ಮೊದಲು ಇದ್ದುದು ಕಾರ್ಬೊರೇಟರು. 2000ದ ಏಪ್ರಿಲ್‌ನಿಂದ ದೇಶಕ್ಕೆಲ್ಲ ಹೊಗೆಯ ಹೊಸ ಕಟ್ಟಳೆ ಬಂದಿತು. ಕಾರ್ಬೊರೇಟರಿನ ಜಾಗಕ್ಕೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಬಂದು ಕುಳಿತಿತು. 2014ರಲ್ಲಿ ಈ ಕಾರಿನ ತಯಾರಿಕೆಯೇ ನಿಂತಿತು. ಕಾರು ನಿಂತರೂ ಕಾರುಗಳು ನಿಲ್ಲಲಿಲ್ಲ. ಅವುಗಳೊಡನೆ ಅವುಗಳ ವ್ಯಾಧಿಗಳೂ ನಮ್ಮ ನಡುವೆ ಉಳಿದವು.

ಆ ವ್ಯಾಧಿಗಳಲ್ಲಿ ಮುಖ್ಯವಾದುದು ಐಡ್ಲಿಂಗಿನ ದೋಷ. ಕಾರು ನಿಂತಿದೆ, ಕಾಲು ಎಕ್ಸಲರೇಟರಿನ ಮೇಲಿಲ್ಲ. ಆಗ ಎಂಜಿನ್ ತನ್ನಷ್ಟಕ್ಕೆ ತಿರುಗುವ ವೇಗವೇ ಐಡ್ಲಿಂಗು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 750ರಿಂದ 900 ಸುತ್ತು. ಇದಕ್ಕಿಂತ ಬಹಳ ಇಳಿದರೆ ಕೋರ್ಟ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾರು ನಡುಗಿ ಬಂದಾಗುತ್ತದೆ. ಹಿಂದಿನ ಆಟೋದವನ ಹಾರ್ನು ಮಾನ ಕಳೆಯುತ್ತದೆ. ಏರಿದರೆ ಪೆಟ್ರೋಲು ವ್ಯರ್ಥವಾಗಿ ಸುಡುತ್ತದೆ.

“ಮಿಸ್ತ್ರೀ, ಸ್ಕ್ರೂ ಒಂಚೂರು ಏರಿಸಿಬಿಡ್ರಿ. ಗಾಡಿ ಬಂದ್ ಆಗಬಾರದು ನೋಡ್ರಿ,” ಎನ್ನುತ್ತಾನೆ ಒಡೆಯ.

“ಏರಿಸಬಹುದ್ರೀ ಸಾಹೇಬ್ರ. ಆದ್ರ ರೋಗ ಒಳಗ ಉಳೀತದ,” ಎನ್ನುತ್ತಾನೆ ಬಲ್ಲ ಮಿಸ್ತ್ರಿ.

ಎರಡು ಕಾಲಗಳ ಅಂತರ ಈ ಎರಡು ಮಾತುಗಳಲ್ಲಿದೆ. ಕಾರ್ಬೊರೇಟರಿನ ಕಾಲದಲ್ಲಿ ಸ್ಕ್ರೂ ತಿರುವಿ ಐಡ್ಲಿಂಗ್ ಕೂಡಿಸುವುದು ನ್ಯಾಯವಾದ ವಿದ್ಯೆಯಾಗಿತ್ತು. ಇಂಜೆಕ್ಷನ್ ಕಾರಿನಲ್ಲಿ ಆ ಕೆಲಸವನ್ನು ಒಂದು ಪುಟ್ಟ ಗಣಕ ನಿರ್ವಹಿಸುತ್ತದೆ. ಎಂಜಿನ್ನಿನ ಬಿಸಿ, ಸುತ್ತಿನ ವೇಗ, ಒಳಗೆ ಹೋಗುವ ಗಾಳಿಯ ಒತ್ತಡ ಇವುಗಳನ್ನು ತಿಳಿದು, ಮುಚ್ಚಿದ ಥ್ರಾಟಲಿನ ಪಕ್ಕದ ಕಿರುದಾರಿಯಲ್ಲಿ ಎಷ್ಟು ಗಾಳಿ ಬಿಡಬೇಕೆಂಬುದನ್ನು ಅದು ಕವಾಟವೊಂದರ ಮೂಲಕ ನಿರ್ಧರಿಸುತ್ತದೆ. ಏ.ಸಿ. ಹಾಕಿದೊಡನೆ ಎಂಜಿನ್ ಕುಗ್ಗದಂತೆ ತಾನೇ ಕೊಂಚ ಏರಿಸುತ್ತದೆ. ಆದುದರಿಂದ ಇಲ್ಲಿ ಐಡ್ಲಿಂಗ್ ಕೆಟ್ಟಿತೆಂದರೆ ಯಾವುದೋ ಸ್ಕ್ರೂ ಸಡಿಲವಾಯಿತೆಂದು ಅರ್ಥವಲ್ಲ. ಆ ಗಣಕದ ಶಕ್ತಿಗೂ ಮೀರಿದ ಕೊರತೆಯೊಂದು ಹುಟ್ಟಿದೆಯೆಂದು ಅರ್ಥ.

ಕೊರತೆಗಳೂ ಬಹುಮಟ್ಟಿಗೆ ಸಾಮಾನ್ಯವಾದುವೇ. ವರ್ಷಗಳ ಮಸಿ ಥ್ರಾಟಲಿನ ಅಂಚಿಗೂ ಕಿರುದಾರಿಗೂ ಮೆತ್ತಿ ಗಾಳಿಯನ್ನು ತಡೆಯುತ್ತದೆ. ಆಗ ವೇಗ ಇಳಿಯುತ್ತದೆ. ರಬ್ಬರಿನ ನಳಿಕೆ ಬಿಸಿಗೆ ಸೀಳಿ ಕಳ್ಳಗಾಳಿ ಎಳೆದುಕೊಂಡರೆ ವೇಗ ಏರುತ್ತದೆ, ಇಲ್ಲವೆ ಏರುತ್ತ ಇಳಿಯುತ್ತ ತೂಗಾಡುತ್ತದೆ. ಬಿಸಿ ತಿಳಿಸುವ ಸೆನ್ಸರ್ ಸುಳ್ಳು ಹೇಳಿದರೆ, ಕಾದ ಎಂಜಿನ್ನಿಗೂ ತಣ್ಣಗಿನ ಎಂಜಿನ್ನಿನ ಉಪಚಾರ ನಡೆಯುತ್ತದೆ.

ಹೀಗಿರಲು ಕೆಲಸಕ್ಕೆ ಒಂದು ಕ್ರಮವಿದೆ. ರೇಡಿಯೇಟರಿನ ಫ್ಯಾನು ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಕಾಯಬೇಕು. ದೀಪ, ಏ.ಸಿ. ಆರಿಸಿರಬೇಕು. ಪ್ಲಗ್ಗು, ಗಾಳಿಯ ಫಿಲ್ಟರು, ನಳಿಕೆಗಳನ್ನು ಮೊದಲು ನೋಡಬೇಕು. ಅನಂತರ ಎಂಜಿನ್ ಆರಿಸಿ ಥ್ರಾಟಲ್ ಬಾಡಿಯನ್ನು ಅದಕ್ಕಾಗಿಯೇ ಇರುವ ದ್ರಾವಕದಿಂದ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಇಷ್ಟಕ್ಕೆ ಬಹಳಷ್ಟು ಕಾರುಗಳು ಸರಿಹೋಗುತ್ತವೆ. ಸರಿಹೋಗದಿದ್ದರೆ, ಆ ಕಾರಿನ ಕೈಪಿಡಿಯಲ್ಲಿ ಗಾಳಿಯ ಸ್ಕ್ರೂ ಹೇಳಿದ್ದರೆ ಮಾತ್ರ, ಅಲ್ಲಿ ಹೇಳಿದ ಕ್ರಮದಲ್ಲಿಯೇ ಅದನ್ನು ಮುಟ್ಟಬೇಕು. ಥ್ರಾಟಲಿನ ತಟ್ಟೆಯನ್ನು ತಡೆದು ನಿಲ್ಲಿಸುವ ಸ್ಕ್ರೂ ಬೇರೆ. ಅದು ಕಾರ್ಖಾನೆಯಲ್ಲೇ ಕೂಡಿಸಿದ್ದು. ಅದನ್ನು ತಿರುವಿದರೆ ಚಾಲಕನ ಕಾಲು ಎಕ್ಸಲರೇಟರಿನ ಮೇಲೆಯೇ ಇದೆಯೆಂದು ಗಣಕ ಭ್ರಮಿಸಿ, ಐಡ್ಲಿಂಗಿನ ಹೊಣೆಯನ್ನೇ ಕೈಬಿಡಬಹುದು. ತಂಬೂರಿಯ ಕುದುರೆ ಸವೆದಿರುವಾಗ ಬಿರಡೆಯನ್ನು ಎಷ್ಟು ತಿರುವಿದರೇನು, ಜವಾರಿ ಬಂದೀತೆ?

ಹಾಗೆಂದು ಸ್ಕ್ರೂವಿನ ವಿದ್ಯೆಯೇ ವ್ಯರ್ಥವೆಂದಲ್ಲ. ಹಳೆಯ ಡೀಸೆಲ್ ಜೀಪಿನದೂ ಇಂಜೆಕ್ಷನ್ ಎಂಜಿನ್ನೇ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸಿದ ಪಂಪುಗಳು ಎಷ್ಟೋ ಲಾರಿ, ಬಸ್ಸು, ಜೀಪುಗಳ ಹೃದಯವಾಗಿದ್ದುವು; 2008ರಲ್ಲಿ ಆ ಸಂಸ್ಥೆ ಬಾಷ್ ಎಂಬ ಹೆಸರು ತಳೆಯಿತು. ಅಂತಹ ಪಂಪಿನಲ್ಲಿ ಗಣಕವಿಲ್ಲ. ಐಡ್ಲಿಂಗಿನ ಸ್ಕ್ರೂ ಅಲ್ಲಿ ಇಂದಿಗೂ ನ್ಯಾಯವಾದುದೇ. ಯಾವ ಯಂತ್ರಕ್ಕೆ ಯಾವ ಮದ್ದೆಂದು ಅರಿತವನೇ ಮಿಸ್ತ್ರಿ.

ಇದೆಲ್ಲ ಕೇವಲ ಕಿವಿಯ ಸುಖದ ಮಾತಲ್ಲ. ಖಾಸಗಿ ಕಾರಿನ ನೋಂದಣಿಯ ಆಯುಷ್ಯ 15 ವರ್ಷ. ಬಳಿಕ ಅದನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಗೆಯ ಪರೀಕ್ಷೆ ನಡೆಯುವುದೂ ಪೆಟ್ರೋಲ್ ಕಾರು ಐಡ್ಲಿಂಗಿನಲ್ಲಿರುವಾಗಲೇ. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳು ಉಗುಳುವ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.5ನ್ನು ಮೀರುವಂತಿಲ್ಲ, ಅದಕ್ಕೂ ಹಿಂದಿನವುಗಳಿಗೆ ಶೇಕಡಾ 3ರ ಮಿತಿ. ರೋಗವನ್ನು ಒಳಗೇ ಇರಿಸಿ ಸ್ಕ್ರೂ ಏರಿಸಿದ ಕಾರು ಅಲ್ಲಿ ಸೋಲಬಹುದು. ಸೋತ ಕಾರನ್ನು ಕಂಡು ಮನೆಯ ಮಕ್ಕಳು “ಗುಜರಿಗೆ ಹಾಕಿಬಿಡ್ರಿ ಅಪ್ಪಾ” ಎನ್ನುತ್ತಾರೆ. ಪಿಂಚಣಿಯ ಹಿರಿಯರಿಗೆ ಅದು ಬರಿಯ ಕಬ್ಬಿಣವಲ್ಲ. ಯಾರ ಹಂಗೂ ಇಲ್ಲದೆ ದವಾಖಾನೆಗೆ, ಕಚೇರಿಗೆ, ಸಂಜೆಯ ಸಂಗೀತಕ್ಕೆ ಹೋಗಿಬರುವ ಸ್ವಾತಂತ್ರ್ಯ.

ಅದು ಉಳಿಯುವುದೂ ಹೋಗುವುದೂ ಕೆಲವೊಮ್ಮೆ ಒಂದು ಚಮಚೆಯಷ್ಟು ಮಸಿಯ ಮೇಲೆ, ಗೇಣುದ್ದದ ರಬ್ಬರು ನಳಿಕೆಯ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರನ್ನು ಕೆಳಗಿಟ್ಟು ಮೊದಲು ಕಿವಿಗೊಡುವ ಮಿಸ್ತ್ರಿ ಸಿಕ್ಕರೆ ಆ ಮನೆಯವರ ಪುಣ್ಯ.