ಚಿಕ್ಕಮ್ಮನ ಕ್ಯಾಂಪರ್‌ಗೆ ನಾಲ್ಕು ಗ್ಯಾಸ್ ಸ್ಪ್ರಿಂಗ್

1/8

ಹೋದ ವಾರದ ಸ್ಟೋರಿ ನೋಡಿ ಸುಮಾರು ಜನ ಮೆಸೇಜ್ ಮಾಡಿದ್ರಿ. "ಪಿಕಪ್ ಗಾಡಿ ಮೇಲೆ ಡೇರೆ ಯಾಕೆ ಎದ್ದು ನಿಂತಿದೆ?", "ನೀನು ಅಲ್ಲಿ ಓದೋಕೆ ಹೋಗಿದೀಯೋ, ಗ್ಯಾರೇಜ್ ಇಟ್ಟಿದೀಯೋ?" ಎರಡಕ್ಕೂ ಉತ್ತರ ಈ ಸೀರೀಸಲ್ಲಿದೆ. ಮೆಕ್ಯಾನಿಕಲ್‌ನವರು ಲೆಕ್ಕ ಚೆಕ್ ಮಾಡಿ. ಉಳಿದವರು ಚಿಕ್ಕಮ್ಮನಿಗೋಸ್ಕರ ಓದಿ.

ಮೊದಲನೇ ಫೋಟೋದಲ್ಲಿರೋದು ಪಾಪ್-ಅಪ್ ಕ್ಯಾಂಪರ್. ಇಲ್ಲಿ ಕೊಲೊರಾಡೊದಲ್ಲಿ ಬೇಸಿಗೆ ಬಂದ್ರೆ ರಸ್ತೆ ತುಂಬಾ ಇಂಥವು ಕಾಣ್ತವೆ. ಪಿಕಪ್ ಟ್ರಕ್ಕಿನ ಹಿಂದೆ ಸಾಮಾನು ಹಾಕೋ ಜಾಗದಲ್ಲಿ ಕೂರಿಸೋ ಒಂದು ಪುಟ್ಟ ಮನೆ. ಒಳಗೆ ಒಲೆ, ಸಿಂಕ್, ಕೂರೋಕೆ ಬೆಂಚು. ಡ್ರೈವರ್ ತಲೆ ಮೇಲಿನ ಭಾಗದಲ್ಲಿ ಹಾಸಿಗೆ. ಗಾಡಿ ಓಡುವಾಗ ಗಾಳಿ ತಡೆಯಬಾರದು ಅಂತ ಮಾಡನ್ನ ಕೆಳಗಿಳಿಸಿ ಲಾಚ್ ಹಾಕಿರ್ತಾರೆ. ಊರು ಸೇರಿದ ಮೇಲೆ ಮಾಡನ್ನ ಸುಮಾರು 50 ಸೆಂ.ಮೀ. ಮೇಲೆತ್ತಿದ್ರೆ ಸುತ್ತಲೂ ಮಡಚಿಕೊಂಡಿದ್ದ ಬಟ್ಟೆ ಗೋಡೆ ಬಿಚ್ಚಿಕೊಳ್ಳುತ್ತೆ, ಒಳಗೆ ನೆಟ್ಟಗೆ ನಿಲ್ಲಬಹುದು.

ಆ "ಮೇಲೆತ್ತಿದ್ರೆ" ಅನ್ನೋ ಒಂದು ಪದದಲ್ಲೇ ಎಲ್ಲಾ ಕಷ್ಟ ಇರೋದು. ಎತ್ತೋಕೆ ಮೋಟಾರ್ ಇಲ್ಲ. ಒಳಗೆ ಬಗ್ಗಿ ನಿಂತು, ಕೈಯಿಂದ ಒಂದ್ಸಲ ಹಿಂದೆ, ಹಾಸಿಗೆ ಮೇಲೆ ಮಂಡಿಯೂರಿ ಇನ್ನೊಂದ್ಸಲ ಮುಂದೆ ನೂಕಬೇಕು. ಆಮೇಲೆ ಎರಡೂ ಕಡೆ ಮಡಚೋ ಹಲಗೆಗಳು ನೆಟ್ಟಗಾಗಿ ಮಾಡನ್ನ ಹೊತ್ತುಕೊಳ್ತವೆ.

2/8

ಈ ಕ್ಯಾಂಪರ್ ಚಿಕ್ಕಪ್ಪಂದು. ಅವರು ಹೋಗಿ ಎರಡು ವರ್ಷ ಆಯ್ತು. ಚಿಕ್ಕಮ್ಮನಿಗೆ ಈಗ ಅರವತ್ಮೂರು. ಅದರ ಮೇಲೆ ಬಲಗೈ ಭುಜ ಹಿಡಿದುಕೊಂಡಿದೆ. ಫ್ರೋಜನ್ ಶೋಲ್ಡರ್ ಅಂತಾರಲ್ಲ, ಅದು. ಎದೆಮಟ್ಟದ ತನಕ ಕೈ ಚೆನ್ನಾಗಿ ಆಡುತ್ತೆ. ತಲೆ ಮೇಲೆ ಭಾರ ನೂಕು ಅಂದ್ರೆ ಆಗಲ್ಲ.

ಪ್ರತಿ ವರ್ಷ ಮೇ ಕೊನೇ ವಾರ ಅವರಿಬ್ಬರೂ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ಗೆ ಹೋಗ್ತಿದ್ರು. ಇದೇ ರಾಜ್ಯದ ದಕ್ಷಿಣದಲ್ಲಿರೋ ನ್ಯಾಷನಲ್ ಪಾರ್ಕ್. ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ಮರಳು ದಿಬ್ಬಗಳು ಅಲ್ಲಿವೆ, 200 ಮೀಟರಿಗೂ ಜಾಸ್ತಿ. ಆ ಹೊತ್ತಿಗೆ ಬೆಟ್ಟದ ಹಿಮ ಕರಗಿ ಮೆಡಾನೊ ಅನ್ನೋ ತೊರೆ ದಿಬ್ಬಗಳ ಬುಡದಲ್ಲೇ ಹರಿಯುತ್ತೆ. ಆಳ ಇರಲ್ಲ. ಆದ್ರೆ ಮರಳು ಕಟ್ಟೆ ಕಟ್ಟಿ ಕಟ್ಟಿ ಒಡೆದು, ಸಮುದ್ರದ ಹಾಗೆ ಅಲೆ ಅಲೆಯಾಗಿ ಬರುತ್ತೆ. "ಹಾಸನದವಳಿಗೆ ಇಲ್ಲಿ ಮಲ್ಪೆ ಸಿಕ್ತು ನೋಡು" ಅಂತ ಚಿಕ್ಕಪ್ಪ ರೇಗಿಸ್ತಿದ್ರಂತೆ.

ಹೋದ ವರ್ಷ ಅವರು ಹೋಗಲಿಲ್ಲ. ಈ ವರ್ಷ ಅಣ್ಣ, ಅಂದ್ರೆ ಅವರ ಮಗ, ಸಿಯಾಟಲ್‌ನಿಂದ ಫೋನ್ ಮಾಡಿ, "ಅಮ್ಮ, ಅದನ್ನ ಮಾರಿಬಿಡೋಣ. ಹೋಟೆಲ್ ರೂಮ್ ಮಾಡ್ಕೊಂಡು ಹೋಗು, ನಾನೇ ಬುಕ್ ಮಾಡ್ತೀನಿ" ಅಂದ. ಅವನು ಹೇಳಿದ್ದು ಪ್ರೀತಿಯಿಂದಾನೇ. ಚಿಕ್ಕಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ್ರು: "ನೀನು ಮೆಕ್ಯಾನಿಕಲ್ ಓದಿದ್ದು ಯಾಕೇ ಮತ್ತೆ?"

3/8

ಪರಿಹಾರ ನಿಮಗೆಲ್ಲಾ ಗೊತ್ತಿರೋದೇ. ಕಾರಿನ ಡಿಕ್ಕಿ ಬಾಗಿಲು ಒಂಚೂರು ಎತ್ತಿದ್ರೆ ಸಾಕು, ಉಳಿದದ್ದು ತಾನೇ ಮೇಲೆ ಹೋಗುತ್ತಲ್ಲ? ಪಕ್ಕದಲ್ಲಿರೋ ಆ ಕಪ್ಪು ಕೊಳವೆಯೇ ಗ್ಯಾಸ್ ಸ್ಪ್ರಿಂಗ್. ನಮ್ಮ ಗ್ಯಾರೇಜುಗಳಲ್ಲಿ ಡಿಕ್ಕಿ ಶಾಕರ್ ಅಂತಾರೆ. ಆಫೀಸ್ ಕುರ್ಚಿ ಏರಿಸಿ ಇಳಿಸೋದೂ ಇದರದ್ದೇ ಒಂದು ಜಾತಿ.

ಹೆಸರು ಸ್ಪ್ರಿಂಗ್, ಒಳಗೆ ಸುರುಳಿ ಇಲ್ಲ. ಒತ್ತಿ ತುಂಬಿದ ನೈಟ್ರೋಜನ್ ಅನಿಲ, ಒಂಚೂರು ಎಣ್ಣೆ, ಒಂದು ಪಿಸ್ಟನ್. ಪಿಸ್ಟನ್ನಲ್ಲಿ ಸಣ್ಣ ತೂತು ಇರೋದ್ರಿಂದ ಅನಿಲ ಎರಡೂ ಕಡೆ ಇರುತ್ತೆ, ಎರಡೂ ಕಡೆ ಒತ್ತಡ ಒಂದೇ. ಹಾಗಾದ್ರೆ ಹೊರಗೆ ನೂಕೋದು ಯಾವುದು? ಒಂದು ಮುಖದಲ್ಲಿ ರಾಡ್ ಕೂತಿರೋದ್ರಿಂದ ಅಷ್ಟು ಜಾಗದಲ್ಲಿ ಅನಿಲ ಎದುರು ಒತ್ತೋಕಾಗಲ್ಲ. ಆ ವ್ಯತ್ಯಾಸವೇ ಬಲ. ಒತ್ತಡವನ್ನ ರಾಡಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದ್ರೆ ಬಂತು. 8 ಮಿ.ಮೀ. ರಾಡ್, 250 ನ್ಯೂಟನ್ ಅಂದ್ರೆ ಒಳಗೆ ಸುಮಾರು 50 ಬಾರ್. ಸ್ಕೂಟರ್ ಟೈರಿನ ಗಾಳಿಗಿಂತ 25 ಪಟ್ಟು! ಅದಕ್ಕೇ ಹಳೇದಾದ್ರೂ ಅದನ್ನ ಕೊಯ್ಯೋದು, ತೂತು ಹೊಡೆಯೋದು, ಬೆಂಕಿಗೆ ಹಾಕೋದು ಮಾಡ್ಬೇಡಿ. ದಯವಿಟ್ಟು.

4/8

ಮೊದಲು ಬೇಕಾಗಿದ್ದು ಮಾಡಿನ ತೂಕ. ಒಳಗಿನ ನೆಲದ ಮೇಲೆ ಬಾತ್‌ರೂಮ್ ತೂಕದ ಯಂತ್ರ, ಅದರ ಮೇಲೆ ಕಾರಿನ ಜಾಕಿ, ಜಾಕಿ ಮೇಲೆ ಒಂದು ಮರದ ತುಂಡು ಇಟ್ಟು ಮಾಡಿನ ಅಂಚನ್ನ ಸ್ವಲ್ಪ ಎತ್ತಿದ್ವಿ. ಜಾಕಿ, ಮರದ ತೂಕ ಕಳೆದು ಹಿಂದಿನ ಅಂಚು 34 ಕೆಜಿ, ಮುಂದಿನದು 31 ಕೆಜಿ. ಮೇಲೆ ಸೋಲಾರ್ ಪ್ಯಾನೆಲ್ ಇದೆ, ಅದೂ ಸೇರಿ.

ಈಗ ಯಾರಾದ್ರೂ ಏನಂತಾರೆ? "34 ಕೆಜಿ ತಾನೇ, ಅದಕ್ಕಿಂತ ದೊಡ್ಡ ಸ್ಪ್ರಿಂಗ್ ಹಾಕು, ಮುಗೀತು." ಇಲ್ಲೇ ಇರೋದು ಮಜಾ. ಮಾಡು ಕೆಳಗಿದ್ದಾಗ ಸ್ಪ್ರಿಂಗ್ ಹೆಚ್ಚುಕಮ್ಮಿ ಮಲಗಿರುತ್ತೆ. ಮಲಗಿದ ಸ್ಪ್ರಿಂಗ್ ತನ್ನ ಬಲವನ್ನೆಲ್ಲಾ ಪಕ್ಕಕ್ಕೆ ಖರ್ಚು ಮಾಡುತ್ತೆ. ಮೇಲಕ್ಕೆ ಸಿಗೋದು ಬಲ ಗುಣಿಸು ಕೋನದ ಸೈನ್, ಅಷ್ಟೇ. ಮಾಡು ಏರಿದ ಹಾಗೆ ಸ್ಪ್ರಿಂಗ್ ನೆಟ್ಟಗಾಗುತ್ತೆ, ಸಹಾಯ ಜಾಸ್ತಿ ಆಗುತ್ತೆ. ಅಂದ್ರೆ ಮನುಷ್ಯನಿಗೆ ಸಹಾಯ ಬೇಕಾಗಿರೋದು ಶುರುವಿನಲ್ಲಿ, ಇದು ಕೈ ಕೊಡೋದು ಕೊನೇಲಿ!

ಹಾಗಾದ್ರೆ ಶುರುವಿನಿಂದಲೇ ನೆಟ್ಟಗೆ ನಿಲ್ಲಿಸಬಹುದಲ್ಲ? ಆಗಲ್ಲ. ಕೊಳವೆಯೊಳಗೆ ರಾಡ್ ಪೂರ್ತಿ ಅಡಗಬೇಕಲ್ವಾ, ಹಾಗಾಗಿ ಗ್ಯಾಸ್ ಸ್ಪ್ರಿಂಗ್ ತನ್ನ ಮಡಚಿದ ಉದ್ದದ ಎರಡರಷ್ಟು ಚಾಚೋಕಾಗಲ್ಲ. ಸ್ವಲ್ಪ ಓರೆಯಾಗಿ ಇಡಲೇಬೇಕು.

5/8

ನಾಲ್ಕನೇ ಫೋಟೋ ನಮ್ಮ ರಟ್ಟಿನ ಮಾಡೆಲ್. ಎರಡು ರಟ್ಟು, ಒಂದು ಮರದ ಪಟ್ಟಿ, ಗುಂಡುಪಿನ್ನು. ಎಲ್ಲಾ ಲೆಕ್ಕ ಮೊದಲು ಇದರ ಮೇಲೆ. ಕೆಳಗಿನ ಬ್ರಾಕೆಟ್ಟಿಗೂ ಮೇಲಿನದಕ್ಕೂ ಅಡ್ಡ ಅಂತರ 50 ಸೆಂ.ಮೀ. ಅಂತ ಇಟ್ಕೊಂಡ್ವಿ. ಒಂದೊಂದು ತುದಿಗೆ ಎರಡೆರಡು ಸ್ಪ್ರಿಂಗ್. ಹಿಂದಿನ ತುದಿಗೆ ಎರಡು ಜಾಗ ಹೋಲಿಸಿ ನೋಡಿದ್ವಿ.

ಮೊದಲನೇ ಜಾಗ: ಕೆಳಗಿನ ಬ್ರಾಕೆಟ್ ಮೇಲಿನದಕ್ಕಿಂತ 10 ಸೆಂ.ಮೀ. ಕೆಳಗೆ. ಎರಡು 250 ನ್ಯೂಟನ್ ಸ್ಪ್ರಿಂಗ್ ಶುರುವಿನಲ್ಲಿ ಹೊರೋದು ಬರೀ 10 ಕೆಜಿ. ಉಳಿದ 24 ಕೆಜಿ ಚಿಕ್ಕಮ್ಮನ ಕೈ ಮೇಲೆ.

ಎರಡನೇ ಜಾಗ: ಅದೇ ಬ್ರಾಕೆಟ್ ಇನ್ನೂ 10 ಸೆಂ.ಮೀ. ಕೆಳಗೆ. ಅದೇ ಸ್ಪ್ರಿಂಗ್ ಈಗ 19 ಕೆಜಿ ಹೊರುತ್ತೆ. ಉಳಿದದ್ದು 15. ಮಾಡು 10 ಸೆಂ.ಮೀ. ಎದ್ದ ಮೇಲೆ ಕೈಗೆ ಬರೋದು 8 ಕೆಜಿ. ಅರ್ಧ ದಾರಿಯಲ್ಲಿ, ಅಂದ್ರೆ 25 ಸೆಂ.ಮೀ. ಹತ್ತಿರ, ಸೊನ್ನೆ. ಅಲ್ಲಿಂದ ಮುಂದೆ ಮಾಡು ತಾನೇ ಏರುತ್ತೆ. ಪೂರ್ತಿ ಮೇಲೆ ಹೋದಾಗ ಸ್ಪ್ರಿಂಗ್ ಹೊರೋದು 41 ಕೆಜಿ ಚಿಲ್ಲರೆ, ಮಾಡಿಗಿಂತ ಏಳೆಂಟು ಕೆಜಿ ಜಾಸ್ತಿ ಅಷ್ಟೇ. ಇಳಿಸುವಾಗ ಒಂದು ಪಟ್ಟಿ ಹಿಡಿದು ಮೈಭಾರ ಬಿಟ್ರೆ ಸಾಕು.

ಮೊದಲನೇ ಜಾಗದಲ್ಲೇ ಇಟ್ಟು ಬರೀ ಸ್ಪ್ರಿಂಗ್ ದೊಡ್ಡದು ಮಾಡಿ ಶುರುವಿನಲ್ಲಿ 19 ಕೆಜಿ ಹೊರಿಸಬೇಕು ಅಂದ್ರೆ? ಒಂದೊಂದೂ 475 ನ್ಯೂಟನ್ ಬೇಕು. ಆಗ ಮೇಲೆ ಹೋದಾಗ ಅವು ನೂಕೋದು 74 ಕೆಜಿ! ಬಟ್ಟೆ ಗೋಡೆಯ ಹೊಲಿಗೆ ಎಳೆಯುತ್ತೆ, ಇಳಿಸೋಕೆ 40 ಕೆಜಿ ಜಗ್ಗಬೇಕು. ಎತ್ತೋ ಕಷ್ಟ ತಪ್ಪಿಸೋಕೆ ಹೋಗಿ ಇಳಿಸೋ ಕಷ್ಟ ತಂದುಕೊಂಡ ಹಾಗೆ.

ಇದನ್ನ ಚಿಕ್ಕಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ಅವರೇ ರಟ್ಟು ನೋಡಿ ಅಂದ್ರು: "ಹುಲ್ಲಿನ ಹೊರೆ ಎತ್ತಿಸಿದ ಹಾಗೆ ಕಣೇ. ನೆಲದಿಂದ ತಲೆಗೆ ಬರೋ ತನಕ ಒಬ್ರು ಕೈ ಕೊಡಬೇಕು. ತಲೆ ಮೇಲೆ ಕೂತ ಮೇಲೆ ಊರಿನ ತನಕ ನಾನೇ ನಡೀತೀನಿ. ಆಗ್ಲೂ ಹಿಡ್ಕೊಂಡೇ ಬಂದ್ರೆ ಬಿದ್ದು ಹೋಗ್ತೀನಿ." ನಾಲ್ಕು ಸೆಮಿಸ್ಟರಿನ ಸ್ಟ್ಯಾಟಿಕ್ಸ್, ಡೈನಮಿಕ್ಸ್ ಒಂದು ಕಡೆ, ಈ ಮಾತು ಒಂದು ಕಡೆ.

6/8

ಹಾಕಿದ್ದು ಹೇಗೆ (ಐದರಿಂದ ಎಂಟನೇ ಫೋಟೋ):

• ಮಾಡನ್ನ ಪೂರ್ತಿ ಎತ್ತಿ, ಮಡಚೋ ಹಲಗೆಗಳ ಜೊತೆಗೆ ಎರಡು ಮರದ ಊರೆ ಕೊಟ್ಟು ಕೆಲಸ ಶುರು. ಸ್ಪ್ರಿಂಗ್ ಚಾಚಿದ ಸ್ಥಿತಿಯಲ್ಲೇ ಸಿಕ್ಕಿಸಬೇಕು. 250 ನ್ಯೂಟನ್ ಅಂದ್ರೆ 25 ಕೆಜಿ, ಕೈಯಲ್ಲಿ ಒತ್ತಿ ಕೂರಿಸೋ ಸಾಹಸ ಬೇಡ.

• ಕ್ಯಾಂಪರಿನ ಹೊರಗಿನ ಅಲ್ಯೂಮಿನಿಯಂ ತಗಡು ತೆಳ್ಳಗೆ. ಬ್ರಾಕೆಟ್ಟನ್ನ ತಗಡಿಗೆ ಕಚ್ಚಿಸಿದ್ರೆ ಕಿತ್ತುಕೊಂಡು ಬರುತ್ತೆ. ತಟ್ಟಿ ತಟ್ಟಿ, ಸ್ಕ್ರೂಗಳ ಸಾಲು ನೋಡಿ ಒಳಗಿನ ಫ್ರೇಮ್ ಹುಡುಕಿದ್ವಿ. ಫ್ರೇಮ್ ಸಿಗದ ಕಡೆ 3 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಹಾಕಿ ಭಾರವನ್ನ ಎರಡು ಫ್ರೇಮಿಗೆ ಹಂಚಿದ್ವಿ.

• ಪ್ರತಿ ತೂತಿಗೂ ಬ್ಯೂಟೈಲ್ ಟೇಪ್. ಒಂದು ಹನಿ ನೀರು ಒಳಗೆ ಹೋದ್ರೂ ಗೋಡೆ ಒಳಗಿಂದ ಕೊಳೆಯುತ್ತೆ.

• ರಾಡ್ ಕೆಳಗೆ, ಕೊಳವೆ ಮೇಲೆ. ಆಗ ಒಳಗಿನ ಎಣ್ಣೆ ಇಳಿದು ಸೀಲನ್ನ ಒದ್ದೆಯಾಗಿಡುತ್ತೆ, ಅನಿಲ ಬೇಗ ಸೋರಲ್ಲ.

• ಮಾಡು ಪೂರ್ತಿ ಎದ್ದಾಗಲೂ ಸ್ಪ್ರಿಂಗಿಗೆ ಇನ್ನೊಂದು ಸೆಂ.ಮೀ. ಚಾಚೋಕೆ ಜಾಗ ಇರಲಿ. ಮಾಡನ್ನ ನಿಲ್ಲಿಸೋದು ಹಲಗೆಗಳ ಕೆಲಸ, ಸ್ಪ್ರಿಂಗಿನದಲ್ಲ.

7/8

ಚಳಿಗೆ ಏನಾಗುತ್ತೆ ಅಂತ ಒಬ್ಬ ಜಾಣ ಕೇಳಿದ್ದ. ಒಳ್ಳೇ ಪ್ರಶ್ನೆ. ಅನಿಲದ ಒತ್ತಡ ಕೆಲ್ವಿನ್ ತಾಪಮಾನದ ಜೊತೆ ಏರಿಳಿಯುತ್ತೆ. 20 ಡಿಗ್ರಿಯಿಂದ ಮೈನಸ್ 10ಕ್ಕೆ ಬಂದ್ರೆ 293ರಿಂದ 263, ಅಂದ್ರೆ ಸುಮಾರು ನೂರಕ್ಕೆ ಹತ್ತರಷ್ಟು ಬಲ ಕಡಿಮೆ. ನಮ್ಮ 19 ಕೆಜಿ 17 ಆಗುತ್ತೆ. ಮೇಲಿನ 41 ಸುಮಾರು 37 ಆಗುತ್ತೆ, ಆಗಲೂ 34ಕ್ಕಿಂತ ಜಾಸ್ತಿ. ಡ್ಯೂನ್ಸ್ ಇರೋ ಜಾಗ ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರ, ಮೇ ತಿಂಗಳಲ್ಲೂ ರಾತ್ರಿ ನಡುಗಿಸುತ್ತೆ. ಅದಕ್ಕೇ ಈ ಲೆಕ್ಕ ಮೊದಲೇ ಬೇಕಿತ್ತು.

ಇನ್ನೊಂದು ಮುಖ್ಯ ವಿಷಯ. ಮಾಡು ಮುಚ್ಚಿದ್ದಾಗ ಸ್ಪ್ರಿಂಗ್ ಸದಾ ಮೇಲಕ್ಕೆ ನೂಕ್ತಾನೇ ಇರುತ್ತೆ. ಆ ನೂಕು ಮಾಡಿನ ತೂಕಕ್ಕಿಂತ ಕಡಿಮೆ ಇರಲೇಬೇಕು. ಇಲ್ಲಾಂದ್ರೆ ಹೈವೇ ಮೇಲೆ ಒಂದು ಲಾಚ್ ಸಡಿಲ ಆದ್ರೆ ಮಾಡು ತಾನೇ ಎದ್ದು ಗಾಳಿಗೆ ಬಾಯಿ ಕೊಡುತ್ತೆ. ನಮ್ಮದರಲ್ಲಿ ಹಿಂದೆ 15, ಮುಂದೆ 12 ಕೆಜಿ ಇನ್ನೂ ಕೆಳಗೆ ಒತ್ತಿಕೊಂಡೇ ಕೂತಿರುತ್ತೆ. ಹಾಗಂತ ಲಾಚ್ ನೋಡದೆ ಹೊರಡೋ ಹಾಗಿಲ್ಲ. ಚಿಕ್ಕಮ್ಮ ಸ್ಟೀರಿಂಗ್ ಪಕ್ಕ ಚೀಟಿ ಅಂಟಿಸಿದಾರೆ: "ಲಾಚ್ ಎಣಿಸು. ಆಮೇಲೆ ಕೀ."

8/8

ಎಲ್ಲಾ ಆದ ಮೇಲೆ ನಾನು ಒಳಗೆ ಹೋಗಿ ಎತ್ತಿ ತೋರಿಸ್ತೀನಿ ಅಂದೆ. "ನೀನು ಹೊರಗಿರು" ಅಂದ್ರು. ಬಾಗಿಲು ಹಾಕ್ಕೊಂಡ್ರು. ನನಗೆ ಕಾಣ್ತಿದ್ದದ್ದು ಮಾಡಿನ ಅಂಚು ಮಾತ್ರ.

ಕೈಯನ್ನ ಎದೆಮಟ್ಟದಲ್ಲೇ ಗಟ್ಟಿ ಹಿಡಿದು, ಅಂಗೈ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಕುಕ್ಕರಗಾಲಿನಿಂದ ಮೊಣಕಾಲಿನ ಬಲದಲ್ಲಿ ಏಳೋದು ಅಂತ ಅವರೇ ಒಂದು ಪಟ್ಟು ಕಂಡುಕೊಂಡಿದ್ರು. ಭುಜಕ್ಕೆ ಕೆಲಸವೇ ಇಲ್ಲ. ಅಂಚು ಒಂದು ಗೇಣು ಎದ್ದಿತು, ಒಂದು ಕ್ಷಣ ನಿಂತಿತು, ಆಮೇಲೆ ಉಸ್ಸಂತ ಮೇಲೆ ಹೋಯ್ತು. ಮುಂದಿನದೂ ಹಾಗೇ. ಒಳಗಿಂದ ಏನೂ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಲೆ ಹಚ್ಚಿದ ಸದ್ದು ಕೇಳಿಸ್ತು. ಕಾಫಿಗಿಟ್ಟಿದ್ರು.

ಅಣ್ಣ ವಿಡಿಯೋ ನೋಡಿ ಅರ್ಧ ದಿನ ಬಿಟ್ಟು ಉತ್ತರ ಹಾಕಿದ: "ಮಾರೋದು ಬೇಡ. ಹೊಸ ಟೈರ್ ಹಾಕಿಸೋಣ." ಚಿಕ್ಕಮ್ಮ ಈ ವಾರ ಹೊರಡ್ತಿದಾರೆ, ಒಬ್ಬರೇ. ನನಗೆ ಪರೀಕ್ಷೆ ಇದೆ. ಇಲ್ಲದಿದ್ರೂ ಕರೀತಿರಲಿಲ್ಲ ಅಂತ ಕಾಣುತ್ತೆ.

ಕೊನೇದಾಗಿ ಊರಲ್ಲಿರೋರಿಗೆ ಒಂದು ಹೋಮ್‌ವರ್ಕ್. ಅಂಗಡಿಯಲ್ಲಿ "ಹೈಡ್ರಾಲಿಕ್ ಮಂಚ" ಅಂತ ಮಾರ್ತಾರಲ್ಲ, ಹಾಸಿಗೆ ಎತ್ತಿದ್ರೆ ಕೆಳಗೆ ಸಾಮಾನಿಡೋ ಜಾಗ, ಅದರಲ್ಲಿರೋದೂ ಇದೇ ಗ್ಯಾಸ್ ಸ್ಪ್ರಿಂಗ್. ಕೊಳವೆ ಮೇಲೆ ಎಷ್ಟು ನ್ಯೂಟನ್ ಅಂತ ಅಚ್ಚಾಗಿರುತ್ತೆ, ನೋಡಿ. ಆಮೇಲೆ ನಿಮ್ಮ ಅಜ್ಜಿಗೋ ಅಮ್ಮನಿಗೋ ಅದನ್ನ ಒಬ್ಬರೇ ಎತ್ತೋಕೆ, ಅದಕ್ಕಿಂತ ಮುಖ್ಯವಾಗಿ ಒಬ್ಬರೇ ಇಳಿಸೋಕೆ ಆಗುತ್ತಾ ಅಂತ ಕೇಳಿ. ಆಗಲ್ಲ ಅಂದ್ರೆ ಕೋನ ಅಳೆದು ಕಮೆಂಟಲ್ಲಿ ಹಾಕಿ. ಲೆಕ್ಕ ಒಟ್ಟಿಗೆ ಮಾಡೋಣ.

#ಕನ್ನಡದಲ್ಲಿ_ಮೆಕ್ಯಾನಿಕಲ್ #ಗ್ಯಾಸ್‌ಸ್ಪ್ರಿಂಗ್ #ಚಿಕ್ಕಮ್ಮನ_ಕ್ಯಾಂಪರ್