ಜಗಳಗಂಟನಿಗೆ ಜಡ ಹಿಡಿದಾಗ

ನಮ್ಮ ಕಲ್ಲಡ್ಕದ ಕಡೆ "ಮೀನು ಹೇಗುಂಟು?" ಎಂದು ಯಾರಾದರೂ ಕೇಳಿದರೆ ಅದಕ್ಕೆ ಇರುವುದು ಎರಡೇ ಅರ್ಥ: ತಾಜಾ ಉಂಟಾ, ಕ್ರಯ ಎಷ್ಟು? ನಮ್ಮ ಮನೆಯಲ್ಲಿ ಮಾತ್ರ ಅದು ಕುಶಲ ವಿಚಾರಿಸುವ ಮಾತು. ಮೀನಿನ ವಾಸನೆಯೇ ಹೊಕ್ಕದ ಸಸ್ಯಾಹಾರಿಗಳ ಮನೆಗೆ ಮೂರು ವರ್ಷಗಳ ಹಿಂದೆ ನನ್ನ ಮಗ ಒಂದು ಫೈಟರ್ ಮೀನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಿಸಿಕೊಂಡು ಬಂದ. ನೀಲಿ ಮೈ, ಕೆಂಪು ರೆಕ್ಕೆ. ಈಗಷ್ಟೇ ಚೌಕಿಯಿಂದ ಎದ್ದು ಬಂದ ಯಕ್ಷಗಾನದ ವೇಷದ ಹಾಗೆ. ಉಪ್ಪಿನಕಾಯಿ ಭರಣಿಯಷ್ಟು ಜಾಗ ಸಾಕು ಎಂದು ಅಂಗಡಿಯವರು ಹೇಳಿ ಕಳಿಸಿದ್ದರಂತೆ. ಕೆಲವೇ ತಿಂಗಳಲ್ಲಿ ಮಗ ಓದಲಿಕ್ಕೆಂದು ಬೆಂಗಳೂರಿಗೆ ಹೋದ, ಮೀನು ಇಲ್ಲೇ ಉಳಿಯಿತು. ಮಕ್ಕಳು ಆಸೆಪಟ್ಟು ತಂದ ಪ್ರಾಣಿಗಳೆಲ್ಲ ಕೊನೆಗೆ ಅಮ್ಮಂದಿರ ಪಾಲಿಗೇ ಬರುವುದೆಂದು ನಿಮಗೇನು ಬೇರೆ ಹೇಳಬೇಕೇ?

ಇದರ ನಿಜವಾದ ಹೆಸರು ಬೆಟ್ಟಾ. ಊರು ಸಯಾಮ್, ಎಂದರೆ ಈಗಿನ ಥಾಯ್ಲೆಂಡ್. ಅಲ್ಲಿಯ ಗದ್ದೆ, ತೋಡುಗಳ ಬೆಚ್ಚಗಿನ ನೀರಿನಲ್ಲಿ ಹುಟ್ಟಿ ಬೆಳೆದ ಕುಲ. 1910ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ಎಂಬ ವಿಜ್ಞಾನಿ ಇದಕ್ಕೆ 'ಬೆಟ್ಟಾ ಸ್ಪ್ಲೆಂಡೆನ್ಸ್' ಎಂದು ಹೆಸರಿಟ್ಟರು. 2019ರಲ್ಲಿ ಥಾಯ್ಲೆಂಡ್ ಸರಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡಿ ಸಾಯುವ ಜಗಳಗಂಟ. ಆದರೆ ಮೊಟ್ಟೆಯ ಕಾಲಕ್ಕೆ ಇದೇ ಗಂಡು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ, ಬಿದ್ದ ಮೊಟ್ಟೆಗಳನ್ನು ಬಾಯಿಯಲ್ಲಿ ಆಯ್ದು ಗೂಡಿನಲ್ಲಿಟ್ಟು, ಹೆಣ್ಣನ್ನು ಆಚೆ ಅಟ್ಟಿ, ಒಬ್ಬನೇ ಕಾವಲು ನಿಲ್ಲುತ್ತದೆ. ಇದನ್ನು ಹೇಳಿದಾಗ ಅತ್ತೆ ನಕ್ಕು, "ಬಾಣಂತನ ಮಾಡುವ ಗಂಡಸನ್ನು ನಾನು ಈ ವಯಸ್ಸಿನಲ್ಲಾದರೂ ನೋಡಿದೆನಲ್ಲ" ಎಂದರು.

ಅತ್ತೆ ಆಗ ಸೊಂಟದ ಎಲುಬು ಮುರಿದು ಆಪರೇಶನ್ ಆಗಿ ಮಲಗಿದ್ದರು. ನಡೆಯಬೇಕೆಂದು ಡಾಕ್ಟರು ಹೇಳಿದ್ದರೂ ಅವರಿಗೆ ಮನಸ್ಸಿರಲಿಲ್ಲ. ನೋಡಲು ಬಂದವರೆಲ್ಲ ಬಾಗಿಲಲ್ಲೇ ದನಿ ತಗ್ಗಿಸಿ "ವಯಸ್ಸಾಯಿತಲ್ಲ, ಇನ್ನೆಂತ ಮಾಡ್ಲಿಕ್ಕಾಗ್ತದೆ?" ಎಂದು ಹೇಳಿ ಹೋಗುತ್ತಿದ್ದರು. ಕಿವಿ ಚೆನ್ನಾಗಿಯೇ ಇದ್ದ ಅತ್ತೆ ಅದನ್ನೆಲ್ಲ ಕೇಳಿ ಗೋಡೆಯ ಕಡೆಗೆ ಹೊರಳುತ್ತಿದ್ದರು. ಕಿಟಕಿಯ ದಂಡೆಯ ಮೇಲೆ ಮೀನಿನ ಭರಣಿ. ಆಟಿಯ ಮಳೆ ಜಡಿಯುತ್ತಿದ್ದ ದಿನಗಳಲ್ಲಿ ಮೀನೂ ಮಂಕಾಯಿತು. ತಳದಲ್ಲಿ ಒರಗಿದರೆ ಒರಗಿದ್ದೇ. ಕಾಳು ಹಾಕಿದರೂ ಏಳದು. ಫೋನಿನಲ್ಲಿ ಮಗ, "ಬಿಡಮ್ಮ, ವಯಸ್ಸಾಗಿರಬೇಕು" ಎಂದ.

ಒಪ್ಪದವರು ಅತ್ತೆ ಒಬ್ಬರೇ. "ಅವ ಸುಮ್ಮನೆ ಮಲಗಿದ್ದಲ್ಲ ಮಾರಾಯ್ತಿ. ಮೊನ್ನೆ ಒಂದು ಗಳಿಗೆ ಬಿಸಿಲು ಬಂದಾಗ ಎದ್ದು ಎರಡು ಸುತ್ತು ಬಂದಿದ್ದಾನೆ. ಅವನಿಗೆ ಚಳಿ ಆಗ್ತದೆ" ಎಂದರು. ಇಡೀ ದಿನ ಮಲಗಿ ನೋಡುವವರಿಗೆ ಕಾಣುವುದು ಓಡಾಡುವವರಿಗೆ ಕಾಣುವುದಿಲ್ಲ.

ಅತ್ತೆಯ ಮಾತು ಅಕ್ಷರಶಃ ಸರಿಯಾಗಿತ್ತು. ಬೆಟ್ಟಾ ಎಲೆಯ ಮೇಲೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುವುದು ಸಹಜವೇ. ಆದರೆ ಆರೋಗ್ಯವಂತ ಮೀನು ಕಾಳು ಕಂಡರೆ, ಬೆರಳು ತೋರಿಸಿದರೆ ಎದ್ದು ಬರುತ್ತದೆ. ಹಾಗೆ ಬಾರದಿದ್ದರೆ ಕಾರಣ ಹುಡುಕಬೇಕು. ಅದರ ಮೈಗೆ ತನ್ನದೇ ಬಿಸಿ ಇಲ್ಲ, ನೀರಿನ ಬಿಸಿಯೇ ಅದರ ಬಿಸಿ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಅದಕ್ಕಿಂತ ತಣ್ಣಗಾದರೆ ತಿಂದದ್ದು ಕರಗುವುದಿಲ್ಲ, ಅಲುಗಾಡಲು ತ್ರಾಣವಿರುವುದಿಲ್ಲ. ಭರಣಿಯಷ್ಟು ಚಿಕ್ಕ ನೀರು ರಾತ್ರಿ ಬೇಗ ತಣಿದು ಹಗಲು ಬೇಗ ಕಾಯುತ್ತದೆ. ಈ ಏರಿಳಿತವೂ ಅದಕ್ಕೆ ಕಷ್ಟ.

ಎರಡನೆಯದು ನೀರಿನ ಶುದ್ಧಿ. ಮೀನಿನ ಹೇಲು, ಮಿಕ್ಕಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣದು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಒಳಗಿದ್ದವನ ಕಿವಿರು ಉರಿಯುತ್ತಿರುತ್ತದೆ. ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳನ್ನು ನೀವೂ ನೋಡಿರಬಹುದು. ತುಳುವಿನಲ್ಲಿ ಪೆರುವೊಳು ಎನ್ನುವ ಆ ದೊಡ್ಡ ಮೀನುಗಳನ್ನು ಯಾರೂ ಹಿಡಿಯುವ ಹಾಗಿಲ್ಲ. ಆದರೂ 1996ರಲ್ಲಿ ದುಷ್ಟರು ನದಿಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಅವುಗಳ ಹೆಸರಿನಲ್ಲಿ ಅಲ್ಲಿ ಸ್ಮಾರಕವೂ ಇದೆ. ನೀರು ಕೆಟ್ಟರೆ ಮೀನಿಗೆ ಬೇರೆಲ್ಲಿಗೂ ಹೋಗಲಿಕ್ಕಿಲ್ಲ. ಮೀನಿನ ಕಾಯಿಲೆ ಎಂದರೆ ಬಹುಪಾಲು ನೀರಿನ ಕಾಯಿಲೆಯೇ.

ನಾವು ಮಾಡಿದ್ದು ಇಷ್ಟು. ಭರಣಿ ಬಿಟ್ಟು 20 ಲೀಟರಿನ ಗಾಜಿನ ತೊಟ್ಟಿ ತಂದು, ಅದರೊಳಗೆ ಸಣ್ಣ ಹೀಟರ್, ಥರ್ಮಾಮೀಟರ್ ಇಟ್ಟೆವು. ಕರೆಂಟು ಹೋದಾಗ ಸುತ್ತ ಕಂಬಳಿ ಹೊದಿಸಿ, ಗಾಳಿಗೆ ಮೇಲಿಂದ ಸಂದು ಬಿಟ್ಟೆವು. ಏಕೆಂದರೆ ಬೆಟ್ಟಾ ಕಿವಿರಿನಲ್ಲಿ ಮಾತ್ರ ಉಸಿರಾಡುವುದಿಲ್ಲ, ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಬೆಚ್ಚಗೆ ಮಾಡಿದ ಬಾವಿ ನೀರು ಹಾಕುತ್ತೇವೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ, ಅಥವಾ ನಳ್ಳಿಯ ನೀರಾದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸುವುದು. ಶಾಲೆಯ ಕಂಪೌಂಡಿನ ಬಾದಾಮಿ ಮರದ ಉದುರಿ ಒಣಗಿದ ಎಲೆಯೊಂದನ್ನು ತೊಳೆದು ನೀರಲ್ಲಿ ಬಿಟ್ಟೆವು. ಥಾಯ್ಲೆಂಡಿನಲ್ಲಿ ಬೆಟ್ಟಾ ಸಾಕುವವರು ಹಾಗೆಯೇ ಮಾಡುತ್ತಾರೆ. ಎರಡು ದಿನದಲ್ಲಿ ನೀರು ನಮ್ಮೂರಿನ ಕೆ.ಟಿ.ಯ ಮೇಲಿನ ಪದರದ ಬಣ್ಣಕ್ಕೆ ತಿರುಗಿತು. ಕಲ್ಲಡ್ಕಕ್ಕೆ ಬಂದ ಮೇಲೆ ಮೀನಿಗೂ ಚಹಾ ತಪ್ಪಲಿಲ್ಲ!

ಕಾಳು ದಿನಕ್ಕೆ ಎರಡು ಹೊತ್ತು, ಎರಡೆರಡು ಮಾತ್ರ. ವಾರಕ್ಕೊಂದು ದಿನ ಉಪವಾಸ. ಅತ್ತೆ ಅದನ್ನು ಮೀನಿನ ಏಕಾದಶಿ ಎನ್ನುತ್ತಾರೆ. ಆ ಕಾಳನ್ನು ಮೀನಿನ ಹುಡಿಯಿಂದಲೇ ಮಾಡುತ್ತಾರೆಂದು ನಾವು ಅವರಿಗೆ ಇನ್ನೂ ಹೇಳಿಲ್ಲ.

ತೊಟ್ಟಿ ದೊಡ್ಡದಾದ್ದರಿಂದ ಕಿಟಕಿಯ ದಂಡೆಯಲ್ಲಿ ಹಿಡಿಸಲಿಲ್ಲ, ಚಾವಡಿಯ ಮೇಜಿಗೆ ಹೋಯಿತು. ಕಾಳು ಹಾಕುವ ಕೆಲಸ ಅತ್ತೆಯದ್ದೇ ಎಂದು ನಾನು ಹಟ ಹಿಡಿದೆ. ಮಂಚದಿಂದ ಮೇಜಿಗೆ ಹನ್ನೆರಡು ಹೆಜ್ಜೆ. ಮೊದಲ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆಗೆ ಕುರ್ಚಿ ಬೇಕಾಯಿತು. ಅಷ್ಟರಲ್ಲಿ ಮೀನು ಬೆಚ್ಚಗಾಗಿ, ಗಾಜಿನ ಹತ್ತಿರ ಬಂದು ರೆಕ್ಕೆ ಬಿಚ್ಚಿ ಕಾಯತೊಡಗಿತ್ತು. ಕಾಯುವವರೊಬ್ಬರು ಇದ್ದಾರೆಂದರೆ ಕಾಲು ಹೇಗಾದರೂ ಏಳುತ್ತದೆ. ನವರಾತ್ರಿಯ ಹೊತ್ತಿಗೆ ಅತ್ತೆ ಕುರ್ಚಿ ಇಲ್ಲದೆ ಹನ್ನೆರಡೂ ಹೆಜ್ಜೆ ನಡೆದರು.

ಬೆಟ್ಟಾದ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಈಗ ನಮ್ಮ ಮೀನಿಗೆ ನಿಜವಾಗಿಯೇ ಮುಪ್ಪು ಬಂದಿದೆ. ಬಣ್ಣ ಮಾಸಿದೆ, ನೀರು, ಬಿಸಿ, ಆಹಾರ ಎಲ್ಲ ಸರಿಯಿದ್ದರೂ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಅದಕ್ಕೆಂದು ತೊಟ್ಟಿಯ ನೀರನ್ನು ಅರ್ಧಕ್ಕೆ ಇಳಿಸಿದ್ದೇವೆ. ಉಸಿರಿಗೆಂದು ಮೇಲೆ ಬರುವ ದಾರಿ ಹತ್ತಿರವಾಗಲಿ ಎಂದು. ಅತ್ತೆಯ ಬಚ್ಚಲುಮನೆಯ ಗೋಡೆಗೆ ಹಿಡಿಕೆ ಹಾಕಿಸಿದ್ದೂ ಅದೇ ಲೆಕ್ಕದಲ್ಲಿ. ವಯಸ್ಸಾಯಿತು ಎನ್ನುವುದು ಬೇರೆಲ್ಲ ಕಾರಣಗಳನ್ನು ನೋಡಿಯಾದ ಮೇಲೆ ಕಟ್ಟಕಡೆಗೆ ಹೇಳುವ ಮಾತು. ಹೇಳಿದ ಮೇಲೂ ಮಾಡಲಿಕ್ಕೆ ಕೆಲಸ ಉಳಿದೇ ಇರುತ್ತದೆ.

ಮೊನ್ನೆ ಬಂದ ನೆಂಟರೊಬ್ಬರು ಹಳೆಯ ಚಾಳಿಯಂತೆ ದನಿ ತಗ್ಗಿಸಿ, "ಅತ್ತೆ ಸ್ವಲ್ಪ ಮಂಕಾದ ಹಾಗೆ ಕಾಣ್ತದೆ, ವಯಸ್ಸಾಯಿತಲ್ಲ" ಎಂದರು. ಅತ್ತೆ ಒಳಗಿನಿಂದಲೇ ಹೇಳಿದರು: "ವಯಸ್ಸು ಆಗಿಯೇ ಆಗಿದೆ. ಮಂಕಾದದ್ದು ನಿನ್ನೆ ರಾತ್ರಿ ಸೊಳ್ಳೆ ನಿದ್ರೆ ಮಾಡಲಿಕ್ಕೆ ಬಿಡದ್ದಕ್ಕೆ. ಆ ಸೊಳ್ಳೆಪರದೆ ಎಲ್ಲಿಟ್ಟಿದ್ದೀ, ನೋಡು ಮಾರಾಯ್ತಿ."