ಖುಕ್ರಿಯ ಸಿಕ್ ಬೇ ಹುಡುಗ

1971ರ ಡಿಸೆಂಬರಿನಲ್ಲಿ ನಾನು ಬೊಂಬಾಯಿಯ ಕೊಲಾಬಾದಲ್ಲಿ, ನೌಕಾಪಡೆಯ ಅಶ್ವಿನಿ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕಿದ್ದೆ. ನನ್ನ ಜೊತೆ ತರಬೇತಿ ಮುಗಿಸಿದ್ದ ಹೊನ್ನಾವರ ಕಡೆಯ ಹುಡುಗ ಖುಕ್ರಿ ಯುದ್ಧನೌಕೆಯ ಸಿಕ್ ಬೇಯಲ್ಲಿ, ಅಂದರೆ ಹಡಗಿನ ಚಿಕಿತ್ಸಾ ಕೋಣೆಯಲ್ಲಿದ್ದ. ಅವನ ಹೆಸರು ಬರೆಯುವುದಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಆಗ ಅವನಿಗೆ 22 ವರ್ಷ.

ನಮ್ಮದು ಬಂದೂಕು ಹಿಡಿಯುವ ಕೆಲಸವಲ್ಲ. ಮಾತ್ರೆ, ಪಟ್ಟಿ, ಇಂಜೆಕ್ಷನ್, ಬೆಡ್‌ಪ್ಯಾನ್. ತರಬೇತಿಯಲ್ಲಿ ನೀಲ್ ರಾಬರ್ಟ್‌ಸನ್ ಅನ್ನುವ ಸ್ಟ್ರೆಚರ್ ಕಟ್ಟುವುದನ್ನು ಕಲಿಸುತ್ತಿದ್ದರು. ಕ್ಯಾನ್ವಾಸಿಗೆ ಬಿದಿರಿನ ಪಟ್ಟಿ ಹೊಲಿದದ್ದು. ಗಾಯಾಳುವನ್ನು ಅದರಲ್ಲಿ ಸುತ್ತಿ, ಎದೆಗೆ, ಸೊಂಟಕ್ಕೆ, ಕಾಲಿಗೆ ಬೆಲ್ಟು ಬಿಗಿದು, ಹಡಗಿನ ಇಕ್ಕಟ್ಟಾದ ಹ್ಯಾಚಿನೊಳಗಿಂದ ನೆಟ್ಟಗೆ ಮೇಲಕ್ಕೆಳೆಯಬೇಕು. ಇಡೀ ಬ್ಯಾಚಿನಲ್ಲಿ ಹಗುರ ಆಳು ಅವನೇ. ಹಾಗಾಗಿ ದಿನಾ ಗಾಯಾಳು ಅವನೇ. ಮಾರ್ಫಿನ್ ಕೊಟ್ಟವನ ಹಣೆಯ ಮೇಲೆ ಇಂಗ್ಲಿಷಿನ ‘ಎಂ’ ಅಕ್ಷರ ಬರೆಯಬೇಕೆಂಬ ನಿಯಮವೂ ಇತ್ತು, ಗೊತ್ತಿಲ್ಲದೆ ಇನ್ನೊಬ್ಬ ಮತ್ತೊಂದು ಡೋಸ್ ಕೊಟ್ಟರೆ ಉಸಿರೇ ನಿಂತೀತು ಅಂತ. ಆ ಅಕ್ಷರ ಹಣೆಯಲ್ಲಿಟ್ಟುಕೊಂಡೇ ಒಮ್ಮೆ ಊಟದ ಸಾಲಿಗೆ ಬಂದಿದ್ದ. ಊಟದ ಜೊತೆ ಬೈಗುಳವೂ ಸಿಕ್ಕಿತು.

ಹಡಗಿಗೆ ಹೋದ ಮೇಲೆ ಅವನ ಕೈಗೆ ಸಿಕ್ಕಿದ್ದು ಯುದ್ಧದ ಗಾಯಗಳಲ್ಲ. ವಾಂತಿ, ಗಜಕರ್ಣ, ಬೆವರುಸಾಲೆ, ಬಾಯ್ಲರ್ ರೂಮಿನವರ ಸುಟ್ಟ ಮೊಣಕೈ. ಬಂದರಿಗೆ ಬಂದಾಗ ಸಿಕ್ಕಿ, ‘ನನ್ನ ಹತ್ರ ಬರೋರಿಗೆಲ್ಲ ತುರಿಕೆ ಮಾರಾಯಾ’ ಅಂತ ನಗುತ್ತಿದ್ದ.

ಡಿಸೆಂಬರ್ 3ಕ್ಕೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಆಸ್ಪತ್ರೆಯ ಕಿಟಕಿಗೆಲ್ಲ ಕಪ್ಪು ಕಾಗದ. ಕರಾಚಿಯ ಮೇಲೆ ನಮ್ಮ ಕ್ಷಿಪಣಿ ದೋಣಿಗಳು ದಾಳಿ ಮಾಡಿದ ಸುದ್ದಿ ಬಂದಾಗ ವಾರ್ಡಿನಲ್ಲಿ ಚಪ್ಪಾಳೆ. 9ನೇ ತಾರೀಕು ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮುಂಚೆ, ದೀವ್‌ನಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ, ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊ ಖುಕ್ರಿಗೆ ಬಡಿಯಿತು. ಆ ಜಲಾಂತರ್ಗಾಮಿಯನ್ನು ಹುಡುಕಿ ಹೊಡೆಯಲೆಂದೇ ಖುಕ್ರಿ ಅಲ್ಲಿಗೆ ಹೋಗಿತ್ತು. ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗು ಬಿಡದೆ ಅದರೊಂದಿಗೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಆಮೇಲೆ ಮಹಾವೀರ ಚಕ್ರ ಬಂತು.

ನಮಗೆ ಮೊದಲು ತಿಳಿದದ್ದು ಹಡಗು ಹೋಯಿತು ಅನ್ನುವುದಷ್ಟೇ. ಬದುಕಿದವರ ಪಟ್ಟಿ ಯಾರ ಕೈಯಲ್ಲೂ ಇರಲಿಲ್ಲ. ಡ್ಯೂಟಿ ಮಾತ್ರ ತಪ್ಪಲಿಲ್ಲ. ಟೆಂಪರೇಚರ್ ಬರೆಯುತ್ತಿದ್ದೆ, ಡ್ರೆಸಿಂಗ್ ಬದಲಿಸುತ್ತಿದ್ದೆ, ಬಾಗಿಲು ಸದ್ದಾದರೆ ತಿರುಗುತ್ತಿದ್ದೆ. ಆಮೇಲೆ ಬದುಕುಳಿದ ಕೆಲವರನ್ನು ನಮ್ಮಲ್ಲಿಗೆ ತಂದರು. ಮೈಗೆಲ್ಲ ಉರುವಲು ಎಣ್ಣೆ ಮೆತ್ತಿತ್ತು. ಸೋಪಿಗೆ ಅದು ಜಗ್ಗುವುದಿಲ್ಲ. ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಹತ್ತಿ ಅದ್ದಿ, ಕಿವಿಯ ಮಡಿಕೆ, ಉಗುರಿನ ಸಂದು, ರೆಪ್ಪೆಗೂದಲು ಒಂದೊಂದಾಗಿ ಒರೆಸಬೇಕು. ಮುಖ ಬೆಳ್ಳಗಾಗುತ್ತ ಬಂದಂತೆ ಅವನಲ್ಲ ಅಂತ ಗೊತ್ತಾಗುತ್ತಿತ್ತು. ಮುಂದಿನ ಮುಖಕ್ಕೆ ಹೋಗುತ್ತಿದ್ದೆ.

ಕೇಳಿದೆ ಕೂಡ. ದೀಪ ಆರಿತು, ಹಡಗು ವಾಲಿತು, ಹೇಗೋ ನೀರಿಗೆ ಬಿದ್ದೆವು. ಅಷ್ಟೇ ಅವರಿಗೆ ಗೊತ್ತಿದ್ದದ್ದು. ಸಿಕ್ ಬೇ ಹುಡುಗನನ್ನು ಯಾರೂ ನೋಡಿರಲಿಲ್ಲ. ಒಬ್ಬ ಮಾತ್ರ, ಬೆಳಿಗ್ಗೆ ಅವನ ಹತ್ತಿರ ಕೆಮ್ಮಿನ ಔಷಧಿ ತಗೊಂಡಿದ್ದೆ ಅಂದ.

ರಜೆ ಸಿಕ್ಕಿದ ಮೇಲೆ ಅವನ ಮನೆಗೆ ಹೋದೆ. ಅಷ್ಟು ಹೊತ್ತಿಗೆ ತಂತಿ ಬಂದಿತ್ತು, ಶವ ಬರುವ ಹಾಗಿರಲಿಲ್ಲ. ಅಪ್ಪ ಪಿಂಚಣಿಯ ಕಾಗದಗಳನ್ನು ತಂದು ಮುಂದಿಟ್ಟು ಎಲ್ಲೆಲ್ಲಿ ಸಹಿ ಅಂತ ಕೇಳಿದರು. ತಾಯಿ ಬಾಗಿಲ ಬಳಿ ಕೂತಿದ್ದರು. ‘ತಮಾ, ನೀ ಅದೇ ಕೆಲ್ಸದವ್ನಲ, ಹೇಳು. ಅವಂಗೆ ಬಾಳ ನೋವಾಗಿತ್ತೇನ?’ ಅಂದರು.

ನನಗೆ ಗೊತ್ತಿದ್ದದ್ದು ಹೇಳುವಂಥದ್ದಾಗಿರಲಿಲ್ಲ. ನೀರಿನೊಳಗಿನ ಸ್ಫೋಟದ ಹೊಡೆತ ಚರ್ಮಕ್ಕೆ ಏನೂ ಮಾಡದೆ ಹೋಗಬಹುದು. ಗಾಳಿ ತುಂಬಿದ ಶ್ವಾಸಕೋಶವನ್ನೂ ಕರುಳನ್ನೂ ಹರಿಯುತ್ತದೆ. ಹೊರಗೆ ಗೀರೂ ಇಲ್ಲದವನು ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಡಿದುಕೊಂಡು ಸಾಯಬಹುದು. ಇಲ್ಲವೇ ಕೆಳಗಿನ ಡೆಕ್ಕಿನಲ್ಲಿದ್ದರೆ ಏನಾಯಿತೆಂದು ತಿಳಿಯುವಷ್ಟು ಹೊತ್ತೂ ಇರದಿರಬಹುದು. ‘ಗೊತ್ತಿಲ್ಲಮ್ಮಾ, ಬೇಗ ಮುಗಿದಿರಬೇಕು’ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಉಂಡಿದ್ದನೋ ಇಲ್ಲವೋ ಅಂತ ಆಮೇಲೆ ಕೇಳಿದರು. ಆ ಹೊತ್ತಿಗೆ ಹಡಗಿನಲ್ಲಿ ಊಟ ಮುಗಿದಿರುತ್ತದೆ ಅಂತ ಧೈರ್ಯವಾಗಿ ಹೇಳಿದೆ.

ಬಹಳ ವರ್ಷಗಳ ನಂತರ ಅವನು ಓದಿದ ಶಾಲೆಯವರು ಕಲ್ಲು ನೆಡುತ್ತೇವೆ, ನಾಲ್ಕು ಸಾಲು ಬರೆದುಕೊಡಿ ಅಂದರು. ಹೆಸರು, ಊರು, ಕೆಲಸ, ಹಡಗು, ತಾರೀಕು ಬರೆದುಕೊಟ್ಟೆ. ಕರಡು ವಾಪಸು ಬಂದಾಗ, ಗಾಯಾಳುಗಳ ಶುಶ್ರೂಷೆ ಮಾಡುತ್ತಲೇ ಪ್ರಾಣ ತೆತ್ತನು ಅಂತ ಒಂದು ಸಾಲು ಸೇರಿಕೊಂಡಿತ್ತು. ನಿಜವೇ ಇದ್ದೀತು, ಅವನು ಅಂಥವನೇ. ಆದರೆ ಕಂಡವರಿಲ್ಲ. ತೆಗೆಯಿರಿ ಅಂದೆ. ಹೆಡ್‌ಮಾಸ್ಟರಿಗೆ ಸಿಟ್ಟು ಬಂತು, ಮಕ್ಕಳಿಗೆ ಸ್ಫೂರ್ತಿ ಬೇಡವೇ ಅಂದರು. ಅವನ ತಂಗಿ ನನ್ನ ಪರ ನಿಂತಳು. ಸಾಲು ಹೋಯಿತು.